ಕೆಂಪು ಚಿಂದಿ ಕಟ್ಟಿದ ಹೀರೇಕಾಯಿ

ನನ್ನಿವಾಳ
ವಿರೋಧಿಕೃತ್ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ
(ಅಕ್ಟೋಬರ್ ೨೭, ೧೯೧೧)

ಅಕ್ಕರೆಯ ಅವ್ವನಿಗೆ,

ನಿನ್ನ ಮೊಣಕಾಲು ನೋವು ಹೇಗಿದೆ? ಮೊಳಕಾಲ್ಮುರಿನ ನೀರು ಒಗ್ಗಿತೇ? ತಂಗಿ ಉಚ್ಚಂಗೆಮ್ಮನೂ ಎಳೆಗೂಸೂ ಸುಖವಷ್ಟೆ? ಬಾಣಂತಿಗೆ ಉಣಿಸುವ ಗಡಿಬಿಡಿಯಲ್ಲಿ ನೀನು ಉಣ್ಣುವುದನ್ನೇ ಮರೆಯುತ್ತೀ ಎಂದು ನನಗೆ ಗೊತ್ತು. ಈ ಕಾಗದ ಓದಿ ಹೇಳುವ ಉಗ್ರಪ್ಪ ಭಾವ ಅದನ್ನೊಂದು ನೋಡಿಕೊಳ್ಳಲಿ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಸೊಸೆ ನಿಂಗಕ್ಕ ಎದುರಿಗೇ ಕೂತು, ಬರೆದದ್ದನ್ನೆಲ್ಲ ನನ್ನಿಂದ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದಾಳೆ.

ಹಿತ್ತಲ ಸುದ್ದಿ ಕೇಳು. ಹೀರೆಯ ಹೂವು ಅರಳುವುದು ಸಂಜೆಗೆ ಎಂಬುದು ನಿನಗೆ ಗೊತ್ತಿದ್ದೀತು. ಮೂವತ್ತು ವರ್ಷ ಇದೇ ಹಿತ್ತಲಲ್ಲಿ ಓಡಾಡಿದ ನಾನು ಕಂಡದ್ದು ಈ ವರ್ಷವೇ, ಅದೂ ನಿಂಗಕ್ಕ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ ಮೇಲೆ. ಬಿಸಿಲು ಇಳಿದದ್ದೇ ತಡ, ಬೇಲಿಯೆಲ್ಲ ಹಳದಿ! ಬೀಜಕ್ಕೆ ಬಿಟ್ಟ ಬದನೆಕಾಯಿ ಹಣ್ಣಾಗಿ ಮೆತ್ತಗಾದವು. ಅವನ್ನು ಹಿಸುಕಿ ತೊಳೆದು, ತೇಲಿದ ಜೊಳ್ಳು ಚೆಲ್ಲಿ, ಮುಳುಗಿದ ಬೀಜವನ್ನು ಬೂದಿಯಲ್ಲಿ ಕಲಸಿ ನೆರಳಿಗೆ ಹರವಿದ್ದಾಳೆ. ಗಿಳಿಗಳು ಒಂದು ಮೆಣಸಿನ ಗಿಡಕ್ಕೇ ಮತ್ತೆ ಮತ್ತೆ ಎರಗುತ್ತಿದ್ದವು. ನಾನು ಕಲ್ಲು ತೆಗೆದುಕೊಂಡರೆ, "ಹೊಡೀಬ್ಯಾಡ್ರಿ, ಯಾವ್ ಗಿಡ ಚೆಂದಾಗೈತೆ ಅಂತ ಅವೇ ಆರಿಸಿ ಹೇಳ್ತಾವೆ" ಎಂದು ಅದೇ ಗಿಡದ ಹಣ್ಣನ್ನು ಬೀಜಕ್ಕೆ ಉಳಿಸಿದಳು. ನಾನು ಕಲ್ಲು ಕೆಳಗಿಟ್ಟೆ. ಇದನ್ನೆಲ್ಲ ಬರೆಯಬೇಡಿ ಎಂದು ಈಗ ನನ್ನ ಮೊಣಕೈ ತಿವಿಯುತ್ತಿದ್ದಾಳೆ.

ಇನ್ನು ನಾನು ಬೈಸಿಕೊಳ್ಳಬೇಕಾದ ಸುದ್ದಿ. ಹೊರಡುವಾಗ ನೀನು, "ಕೆಂಪು ಚಿಂದಿ ಕಟ್ಟಿದ ಹೀರೇಕಾಯಿ ಬೀಜಕ್ಕೆ ಬಿಟ್ಟೀನಿ, ಯಾರೂ ಮುಟ್ಟಬ್ಯಾಡ್ರಿ" ಅಂದಿದ್ದೆಯಲ್ಲ, ಬೇಲಿಯ ಮುಳ್ಳು ಸವರುವಾಗ ನನ್ನ ಕುಡುಗೋಲು ಆ ಬಳ್ಳಿಯ ಬುಡಕ್ಕೇ ಬಿತ್ತು. ತಪ್ಪು ನನ್ನದೇ. ನೀನು ನಲವತ್ತು ವರ್ಷದಿಂದ ಉಳಿಸಿಕೊಂಡು ಬಂದ ತಳಿ ಹಾಳಾಗಿಲ್ಲ, ಗಾಬರಿಯಾಗಬೇಡ. ಪಕ್ಕದ ಬಳ್ಳಿಯೂ ನಿನ್ನ ಬೀಜದ್ದೇ. ಅದರ ಕಾಯಿಗೆ ನಿಂಗಕ್ಕ ಬೇರೆ ಚಿಂದಿ ಕಟ್ಟಿ ಕಾಯುತ್ತಿದ್ದಾಳೆ.

ಭಾವನಿಗೆ ನಮ್ಮ ನಮಸ್ಕಾರ, ತಂಗಿಗೆ ಆಶೀರ್ವಾದ. ಕೂಸಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ ಪಾದಕ್ಕೆ ಹಣೆ ಮುಟ್ಟಿಸುವ ಮಗ,
ಜಂಪಣ್ಣ

ಮರೆತ ಮಾತು: ಭಾವಾ, ಇದನ್ನು ಅವ್ವನೊಬ್ಬಳಿಗೇ ಓದಿ ಹೇಳು. ನಿಂಗಕ್ಕ ನೀರಿಗೆ ಹೋಗಿದ್ದಾಳೆ, ಕಾಗದ ಒಯ್ಯುವ ಕೆಂಚಣ್ಣ ಹೊರಗೆ ಗಾಡಿ ಕಟ್ಟುತ್ತಿದ್ದಾನೆ. ಅವ್ವಾ, ಕುಡುಗೋಲಿನ ಮಾತು ಸುಳ್ಳು. ನೀನು ಹೋಗಿ ಒಂದು ವಾರಕ್ಕೆ ಹೀರೇಕಾಯಿ ಪಲ್ಯ ಕಹಿಯಾಗಿ, ತುತ್ತು ಉಗಿದು ನಾನು ಕೂಗಾಡಿದೆ. ಮರುದಿನ ಅವಳು ಬೇಲಿಯ ಒಂದೊಂದು ಬಳ್ಳಿಯ ಎಳೆಗಾಯಿಯನ್ನೂ ಕಚ್ಚಿ ನೋಡಿ, ತುದಿಯಿಂದ ಬುಡದವರೆಗೆ ಕೈಯಾಡಿಸುತ್ತ ಹೋದಳು. ಸಿಹಿಯದೊಂದು, ಕಹಿಯದೊಂದು, ಎರಡು ಬಳ್ಳಿ ಹೆಣೆದುಕೊಂಡಿದ್ದವು. ನಿನ್ನ ಚಿಂದಿ ಇದ್ದದ್ದು ಕಹಿ ಬಳ್ಳಿಯ ಕಾಯಿಗೆ. ಆ ಬಳ್ಳಿಯನ್ನು ಕಿತ್ತವಳು ಅವಳೇ. ಕಚ್ಚಿದ ಕಹಿಗೆ ಸಂಜೆಯವರೆಗೂ ಅವಳ ನಾಲಿಗೆಗೆ ಅನ್ನ ರುಚಿಸಲಿಲ್ಲ. "ಅತ್ತೇರು ತಪ್ಪಿದ್ರು ಅಂತ ಬರೀಬ್ಯಾಡ್ರಿ, ನೊಂದ್ಕೊಂತಾರೆ. ನೀವೇ ಕಡಿದ್ರಿ ಅಂತ ಬರೀರಿ, ಮಗನ ಮ್ಯಾಲೆ ಸಿಟ್ಟು ಎರಡು ದಿನ ಇರ್ತೈತೆ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಆಣೆ ಮುರಿದಿದ್ದೇನೆ. ಆ ಕಾಯಿಯನ್ನು ಚಿಂದಿ ಸಮೇತ ಕೆಂಚಣ್ಣನ ಕೈಲಿ ಕಳಿಸಿದ್ದೇನೆ, ತುದಿ ಮುರಿದು ನಾಲಿಗೆಗೆ ಹಚ್ಚಿ ನೋಡು. "ಬೀಜದ ಗಡಿಗೆ ಅವಳ ಕೈಗೆ ಕೊಡಬ್ಯಾಡಪ್ಪ, ಅವಳಿಗೇನ್ ಗೊತ್ತೈತೆ" ಎಂದು ನೀನು ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದೆ. ಅದು ಅವಳಿಗೂ ಕೇಳಿಸಿತ್ತಂತೆ. ಬೀಜವನ್ನೆಲ್ಲ ತನ್ನ ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಿದ್ದಾಳೆ. ನಾನು ಗಡಿಗೆ ಕೊಡಹೋದರೆ "ಅತ್ತೇರು ಹೇಳ್ಲಿ" ಅಂದಳು. ಕೆಂಚಣ್ಣ ಸೋಮವಾರ ಹಿಂತಿರುಗುತ್ತಾನೆ. ಗಡಿಗೆ ಇನ್ನು ನಿಂಗಕ್ಕನದೇ ಎಂದು ಅವನ ಬಾಯಲ್ಲಿ ಹೇಳಿ ಕಳಿಸವ್ವ.