ಬಂದೂಕಿಗೆ ಎಣ್ಣೆ, ಅಕ್ಕನ ಚಪ್ಪಲಿ

ಅಕ್ಕಾ,

ನೀನಿನ್ನೂ ಮಲಗಿದ್ದೀಯ, ಎಬ್ಬಿಸಲಿಲ್ಲ. ನಾಟಕದ ಬಂದೂಕು ತಗೊಂಡು ಹೊರಟೆ. ಈಗಷ್ಟೇ ಹಿತ್ತಲಲ್ಲಿ ಅದರ ಕುದುರೆ ಎಳೆದು ನೋಡಿದೆ, ಪ್ರತಿ ಸಲವೂ ಕಿಡಿ ಹಾರ್ತು!

ನಿನ್ನೆ ಅದು ಕೈಕೊಟ್ಟಾಗ ಖಳನಾಯಕ ಪಾಪ ತಾನೇ ಎದೆ ಹಿಡ್ಕೊಂಡು ಸತ್ತ. ಜನ ಬಿದ್ದೂ ಬಿದ್ದೂ ನಕ್ಕರು. ನಾನು ಚಕಮಕಿ ಕಲ್ಲನ್ನೇ ಬೈದೆ. ಕಲ್ಲು ಬಡಿಯೋ ಉಕ್ಕು ಹೊಳೀಲಿ ಅಂತ ನಾನೇ ಎಣ್ಣೆ ಹಚ್ಚಿ ಕಿಡಿ ಕೆಡಿಸಿದ್ದನ್ನ ನೀನು ಮೂಸಿ ನೋಡೇ ಹಿಡಿದೆಯಲ್ಲ, ಏನು ಮೂಗೇ ನಿಂದು!

ರಾತ್ರಿ ನೀನು ಕಲ್ಲು ಅಲ್ಲಾಡದ ಹಾಗೆ ಸುತ್ತಿರೋ ತೊಗಲು ಎಲ್ಲಿಂದ ಬಂತು ಅಂತ ಈಗ ಬಾಗಿಲ ಹತ್ರ ಗೊತ್ತಾಯ್ತು. ನಿನ್ನ ಹೊಸ ಚಪ್ಪಲೀನೇ ಕತ್ತರಿಸೋದಾ, ಪುಣ್ಯಾತ್ಗಿತ್ತೀ?

ನನ್ನ ಚಪ್ಪಲಿ ಬಿಟ್ಟು ಹೋಗ್ತಿದ್ದೀನಿ. ಅದನ್ನ ಹಾಕ್ಕೊಂಡು ಸಂಜೆ ಬಾ, ಮುಂದಿನ ಸಾಲಲ್ಲೇ ಕೂತ್ಕೋ.

ನಾನು ನನ್ನ ಸೇನಾಪತಿ ವೇಷದ ಬೂಟಲ್ಲೇ ಬೀದಿಗಿಳೀತಿದ್ದೀನಿ. ನಗೋರು ನಗಲಿ.

ತಮ್ಮ