ಮೊದಲು ಊಟ, ಆಮೇಲೆ ಉಪದೇಶ

ಹೃಷಿ,

ಇವತ್ತು ಇಲ್ಲಿ ದೆಹಲಿಯ ಓಖ್ಲಾದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೆಂಗಸರು ಕೂಲಿ ಹೆಚ್ಚಿಸಿ ಅಂತ ಧರಣಿ ಕೂತಿದ್ರೆ, ಮ್ಯಾನೇಜರ್ ಧ್ಯಾನ ಮಾಡಿಸೋಕೆ ಬಂದ! "ಆಸೆಯೇ ದುಃಖಕ್ಕೆ ಮೂಲ, ಬುದ್ಧನೇ ಹೇಳಿದ್ದಾನೆ" ಅಂದ. ನನಗೆ ಮೈಯೆಲ್ಲ ಉರಿದುಹೋಯ್ತು. ಯೂನಿಯನ್ ಪರವಾಗಿ ಎದ್ದುನಿಂತೆ. ಬಾಯಿಗೆ ಮಾರ್ಕ್ಸ್ ಬರಲಿಲ್ಲ ಕಣೋ, ನಿನ್ನ ಮಾತೇ ಬಂತು. "ಹಸಿದು ಬಂದ ರೈತನಿಗೆ ಬುದ್ಧ ಮೊದಲು ಊಟ ಹಾಕಿಸಿದ, ಆಮೇಲೆ ಉಪದೇಶ ಮಾಡಿದ" ಅಂದೆ. ಲಕ್ಷ್ಮೀ ನಗರದ ನಮ್ಮ ರೂಮಲ್ಲಿ ನೀನು ಇದನ್ನು ಹೇಳಿದಾಗೆಲ್ಲ ಧರ್ಮ ಅನ್ನೋದು ಅಫೀಮು ಅಂತ ನಗ್ತಿದ್ದೆನಲ್ಲ, ಅದೇ ಕತೆ. ಚಪ್ಪಾಳೆ ಬಿತ್ತು.

"ಯಾರು ಹೇಳಿಕೊಟ್ಟಿದ್ದು ದೀದಿ?" ಅಂತ ಒಬ್ಬಳು ಕೇಳಿದಳು.

"ಕಾಮ್ರೇಡ್ ಹೃಷಿಕೇಶ್" ಅಂದುಬಿಟ್ಟೆ.

ಭಿಕ್ಷು ಆದಮೇಲೆ ಆ ಹೆಸರನ್ನೂ ಬಿಟ್ಟೆಯಂತೆ. ಹೊಸ ಹೆಸರು ನನಗೆ ಗೊತ್ತಿಲ್ಲ, ಕವರಿನ ಮೇಲೆ ಏನಂತ ಬರೆಯಲಿ? ಹಳೆಯದನ್ನು ಬಿಡೋಕೆ ನನಗಿನ್ನೂ ಆಗಿಲ್ಲ.

ಅಪೂರ್ವಾ