ಹಸಿರು ದೀಪ ಉರಿಯುತ್ತಲೇ ಇತ್ತು

ತಮ್ಮಾ,

ಈಗ ಬೆಳಗ್ಗೆ ಆರೂವರೆ. ದೊಡ್ಡ ಕೊಳದ ಮೀನೆಲ್ಲ ಸತ್ತಿವೆ. ನೀರಲ್ಲಿ ಆಮ್ಲಜನಕ ಇಳಿದಿದೆ ಎಂದು ರಾತ್ರಿ ಸೆನ್ಸರ್ ಕಳಿಸಿದ ಸಂದೇಶವನ್ನು, ಫೋನಿಗೆ ದಾಟಿಸಬೇಕಾದ ತಾರಸಿಯ ಗೇಟ್‌ವೇ ಪೆಟ್ಟಿಗೆ ಹಿಡಿಯಲಿಲ್ಲ. ನಮ್ಮ ಫೋನು ಕೂಗಲಿಲ್ಲ, ನೀರಿಗೆ ಗಾಳಿ ಊದುವ ಮೋಟಾರ್ ಯಾರೂ ಹಾಕಲಿಲ್ಲ.

ನಿನ್ನೆ ಗೋಡೆಗೆ ಬಣ್ಣ ಬಳಿಯಲು ನೀನು ಅದರ ಆಂಟೆನಾ ಬಿಚ್ಚಿದೆ, ಕರೆಂಟ್ ತೆಗೆಯಲಿಲ್ಲ. ಆಂಟೆನಾ ಇಲ್ಲದೆ ಓಡಿದರೆ ಒಳಗಿನ ರೇಡಿಯೊ ಸುಡಬಹುದು. ನಮ್ಮದು ಸುಟ್ಟಿದೆ. ಸಂಜೆ ನೀನು ಮತ್ತೆ ಕೂರಿಸಿದ್ದು ಸರಿಯಾಗಿಯೇ ಇದೆ, ಆದರೆ ಅಷ್ಟರಲ್ಲಿ ರೇಡಿಯೊ ಹೋಗಿತ್ತು.

"ಪೆಟ್ಟಿಗೇಲಿ ಹಸಿರು ದೀಪ ಉರೀತಾನೇ ಇತ್ತಲ್ಲಮ್ಮಾ" ಅಂತ ಅಪ್ಪ ಮತ್ತೆ ಮತ್ತೆ ಕೇಳಿದರು. "ಅದು ಬರೀ ಕರೆಂಟಿನ ದೀಪ ಅಪ್ಪಾ" ಅಂದೆ.

ನಾನು ಕೆಲಸಕ್ಕೆ ಹೊರಟೆ. ಹಳೆಯ ಗೇಟ್‌ವೇ ಊಟದ ಮೇಜಿನ ಮೇಲಿದೆ, ತಾರಸಿಗೆ ಹಾಕು. ಮೊದಲು ಆಂಟೆನಾ, ಆಮೇಲೆ ಪ್ಲಗ್. ರೇಡಿಯೊ ಚಾನೆಲ್ ನಾನೇ ಹೊಂದಿಸಿದ್ದೇನೆ, ದಯವಿಟ್ಟು ಕೈಯಾಡಿಸಬೇಡ. ಚಿಕ್ಕ ಕೊಳದ ಮರಿಗಳು ಬದುಕಿವೆ. ಅಲ್ಲಿನ ಸೆನ್ಸರ್‌ನ ಸಂದೇಶ ಮತ್ತೆ ಫೋನಿಗೆ ಬರತೊಡಗುವವರೆಗೂ ಅದರ ಮೋಟಾರ್ ನಿಲ್ಲಿಸಬೇಡ.

ಫ್ಲಾಸ್ಕಿನಲ್ಲಿ ಚಹಾ ಇದೆ. ನಿನ್ನನ್ನು ಬೈಯಲು ಬಾಯಿ ಬರುತ್ತಿಲ್ಲ, ಸಂಜೆ ನೆನಪಿಸು.

ನಿನ್ನನ್ನು ಎಬ್ಬಿಸಲು ಹೊರಟಿದ್ದೆ. "ಮಲಗಿರಲಿ ಬಿಡು" ಎಂದು ಅಪ್ಪ ಬಲೆ ಹೆಗಲಿಗೆ ಹಾಕಿಕೊಂಡು ಒಬ್ಬರೇ ಕೊಳಕ್ಕೆ ಹೋದರು.

ಅಕ್ಕ